ಕಲ್ಲಿನ ಕೋಟೆಯ ಮಣ್ಣಿನ ಮನೆ

ಎಲ್ಲರಿಗೂ ನಮಸ್ಕಾರ.

ಚಿತ್ರದುರ್ಗಕ್ಕೆ ಬಂದವರು ಕಲ್ಲು ನೋಡಿ ಹೋಗುತ್ತಾರೆ. ಏಳು ಸುತ್ತಿನ ಕೋಟೆ, ಗಾರೆಯಿಲ್ಲದೆ ಒಂದಕ್ಕೊಂದು ಕೂಡಿಸಿದ ಕಲ್ಲುಗಳು, ಓಬವ್ವನ ಕಿಂಡಿ, ಹಿಡಿಂಬೇಶ್ವರ, ಏಕನಾಥೇಶ್ವರಿ, ಅಕ್ಕ-ತಂಗಿ ಹೊಂಡ. ಮೇಲುದುರ್ಗದಲ್ಲಿ ಟಂಕಸಾಲೆ, ಕಚೇರಿ ಎಂಬ ಹೆಸರು ಹೊತ್ತು ನಿಂತಿರುವ ಮೊಂಡು ಮಣ್ಣುಗೋಡೆಗಳ ಮುಂದೆ ಹೆಚ್ಚು ಹೊತ್ತು ಯಾರೂ ನಿಲ್ಲುವುದಿಲ್ಲ. 'ಇದೇನು, ಬರೀ ಮಣ್ಣು' ಅಂದುಕೊಂಡು ಮುಂದೆ ಹೋಗುತ್ತಾರೆ. ಇವತ್ತಿನ ಮಾತು ಆ ಬರೀ ಮಣ್ಣಿನದು.

ಕಲ್ಲು ದೇವರಿಗೂ ದಂಡಿಗೂ ಆಯಿತು. ಅಡಿಗೆ ಮಾಡಿದ್ದು, ಮಲಗಿದ್ದು, ಲೆಕ್ಕ ಬರೆದದ್ದು, ನಾಣ್ಯ ಹೊಡೆದದ್ದು ಮಣ್ಣಿನ ಗೋಡೆಯೊಳಗೆ. 1568ರಲ್ಲಿ ತಿಮ್ಮಣ್ಣ ನಾಯಕನಿಂದ ಶುರುವಾದ ಮನೆತನ 1779ರವರೆಗೆ, ಅಂದರೆ 200 ವರ್ಷಕ್ಕೂ ಮಿಕ್ಕಿ ಇಲ್ಲಿ ಬಾಳಿತು. ಅರಮನೆ ಇದ್ದ ಜಾಗದಲ್ಲಿ ಇಂದು ಉಳಿದಿರುವುದು ಕಲ್ಲಿನ ತಳಪಾಯ ಮತ್ತು ಅಲ್ಲಲ್ಲಿ ಗೋಡೆಯ ಬುಡ. ಶತ್ರು ಸುಟ್ಟ, ಫಿರಂಗಿ ಹೊಡೆದ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಮಣ್ಣಿನ ಕಟ್ಟಡ ಬಲ್ಲವರು ಬೇರೆ ಕಾರಣವನ್ನೂ ಹೇಳುತ್ತಾರೆ: ಮೊದಲು ಮಾಳಿಗೆ, ಅಂದರೆ ಮಣ್ಣು ಹಾಸಿದ ಚಪ್ಪಟೆ ಚಾವಣಿ ಹೋಯಿತು, ಆಮೇಲೆ ಗೋಡೆ ಹೋಯಿತು. ಮಾಳಿಗೆ ಯಾಕೆ ಹೋಯಿತೆಂದರೆ, ವರ್ಷಕ್ಕೊಮ್ಮೆ ಮೇಲೆ ಹತ್ತಿ ಮಣ್ಣು ಹಾಕುವವರು ಇರಲಿಲ್ಲ.

1779ರಲ್ಲಿ ಹೈದರಾಲಿ ದುರ್ಗ ಹಿಡಿದ ಮೇಲೆ ನಾಯಕರ ಕುಟುಂಬವನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಬೇಡ ಸಮುದಾಯದ ಸುಮಾರು 20,000 ಜನರನ್ನೂ ಅದೇ ದಾರಿಯಲ್ಲಿ ಕಳಿಸಿ, ಅವರ ಹುಡುಗರಿಂದ ಚೇಲಾ ಎಂಬ ಸೇನಾ ದಳ ಕಟ್ಟಿದ ಎಂಬುದು ಮೈಸೂರಿನ ಚರಿತ್ರೆ ಬರೆದ ಬ್ರಿಟಿಷ್ ಅಧಿಕಾರಿ ವಿಲ್ಕ್ಸ್ ಕೊಡುವ ಲೆಕ್ಕ. ಸಂಖ್ಯೆ ಹೆಚ್ಚುಕಡಿಮೆ ಇರಬಹುದು, ಊರು ಬರಿದಾದದ್ದರಲ್ಲಿ ಅನುಮಾನವಿಲ್ಲ. ಆಮೇಲೆ ಕೋಟೆಯಲ್ಲಿ ಪಹರೆ ದಂಡು ಇತ್ತು, 1799ರ ನಂತರ ಸ್ವಲ್ಪ ಕಾಲ ಬ್ರಿಟಿಷರ ಸಿಪಾಯಿಗಳೂ ಇದ್ದರು. ಆದರೆ ದಂಡಿನವರು ತಮ್ಮದಲ್ಲದ ಮನೆಯ ಮಾಳಿಗೆಗೆ ನೀರು ತಡೆಯುವ ಕರಲು ಮಣ್ಣು ಹೊರುವವರಲ್ಲ.

ಹಾಗಾದರೆ ಅರಮನೆ ಹೇಗಿತ್ತು? ನಕ್ಷೆ ಕೈಯಲ್ಲಿಲ್ಲದಿದ್ದರೂ ಕಟ್ಟಿದ ಕ್ರಮವನ್ನು ತಿಳಿಯಬಹುದು, ಯಾಕೆಂದರೆ ಅದೇ ಕ್ರಮ ಕೆಳಗಿನ ಊರುಗಳಲ್ಲಿ ಇನ್ನೂ ನಿಂತಿದೆ. ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು, ಜಗಳೂರು ಸೀಮೆಯ ಹಳೆಯ ಕೇರಿಗಳಿಗೆ ಹೋದರೆ ಮಾಳಿಗೆ ಮನೆ ಸಿಗುತ್ತದೆ. ಅರಮನೆಯೆಂದರೆ ಅದೇ ಮನೆ ಅಂಕಣದಲ್ಲಿ, ಅಂದರೆ ಕಂಬಗಳ ನಡುವಿನ ಜಾಗದ ಲೆಕ್ಕದಲ್ಲಿ ಹಿಗ್ಗಿದ್ದು, ಮರದಲ್ಲಿ ಸಿರಿವಂತವಾದದ್ದು. ಚನ್ನಗಿರಿ, ಹೊನ್ನಾಳಿ ಕಡೆ ಹೋದಂತೆ ಮಳೆ ಹೆಚ್ಚಾಗಿ ಇಳಿಜಾರು ಹೆಂಚಿನ ಮನೆ ಬರುತ್ತದೆ. ಮಾಳಿಗೆಗೂ ಹೆಂಚಿಗೂ ಗಡಿ ಹಾಕಿದ್ದು ಮಳೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಬೀಳುವ ಕಡೆ ಮಾಳಿಗೆ ತಡೆಯುತ್ತದೆ. ಅದರ ದುಪ್ಪಟ್ಟು ಬೀಳುವ ಕಡೆ ತಡೆಯುವುದಿಲ್ಲ.

ಮೊದಲು ಗೋಡೆ ನೋಡೋಣ. ತಳಪಾಯ ಕಲ್ಲಿನದು, ನೆಲದಿಂದ ಒಂದು, ಒಂದೂವರೆ ಅಡಿ ಮೇಲಕ್ಕೂ ಕಲ್ಲೇ ಬರಬೇಕು. ಇದು ಅಂದಕ್ಕಲ್ಲ. ಸೂರಿನಿಂದ ಬಿದ್ದ ನೀರು ನೆಲಕ್ಕೆ ಬಡಿದು ಒಂದಡಿಯಷ್ಟು ಚಿಮ್ಮುತ್ತದೆ, ಆ ಎತ್ತರದವರೆಗೆ ಮಣ್ಣು ಇರಬಾರದು. ಅದರ ಮೇಲೆ ಕೆಸರುಗೋಡೆ. ಮಣ್ಣಿಗೆ ನೀರು ಹಾಕಿ ಒಂದೆರಡು ದಿನ ನೆನೆಸಿ, ರಾಗಿ ಅಥವಾ ನೆಲ್ಲುಹುಲ್ಲು ಕತ್ತರಿಸಿ ಬೆರೆಸಿ, ಎತ್ತಿನ ಕಾಲಲ್ಲೋ ಆಳಿನ ಕಾಲಲ್ಲೋ ತುಳಿಸಿ, ಉಂಡೆ ಕಟ್ಟಿ ಒಂದರ ಮೇಲೊಂದು ಬಡಿದು ಕೂರಿಸುವುದು. ದಪ್ಪ ಎರಡರಿಂದ ಮೂರು ಅಡಿ. ಒಂದು ಸಲಕ್ಕೆ ಒಂದೂವರೆ ಅಡಿಗಿಂತ ಎತ್ತರಿಸಿದರೆ ಗೋಡೆ ತನ್ನ ಭಾರಕ್ಕೆ ತಾನೇ ಹೊಟ್ಟೆ ಬಿಡುತ್ತದೆ. ಒಂದು ವರಸೆ ಐದಾರು ದಿನ ಒಣಗಿದ ಮೇಲೆ ಇನ್ನೊಂದು. ಹತ್ತಡಿ ಗೋಡೆಗೆ ಏಳು ವರಸೆ, ಅಂದರೆ ಒಂದೂವರೆ ತಿಂಗಳು. ಕೋಟೆಯ ಮಣ್ಣುಗೋಡೆಗಳಲ್ಲಿ ಕಾಣುವ ಅಡ್ಡಗೆರೆಗಳನ್ನು ನೋಡುವಾಗ ಇದು ನೆನಪಿರಲಿ: ಒಂದು ವರಸೆ ನಿಂತು ಇನ್ನೊಂದು ಏರಿದ ಜಾಗ ಅದು. ಸುಗ್ಗಿ ಮುಗಿದ ಮೇಲೆ ಗೋಡೆ ಶುರುಮಾಡಿ, ಯುಗಾದಿ ಹೊತ್ತಿಗೆ ತೊಲೆ ಏರಿಸಿ, ರೋಹಿಣಿ ಮಳೆಯೊಳಗೆ ಮಾಳಿಗೆ ಮುಚ್ಚಬೇಕಿತ್ತು.

ಮಣ್ಣು ಯಾವುದು? ಬರೀ ಎರೆಮಣ್ಣಾದರೆ ಒಣಗುವಾಗ ಬಿರುಕು ಬಿಡುತ್ತದೆ, ಬರೀ ಮರಳಾದರೆ ಹಿಡಿತವಿಲ್ಲ. ಇವತ್ತು ದುರಸ್ತಿ ಮಾಡುವವರಿಗೂ ಸುಲಭ ಪರೀಕ್ಷೆಯಿದೆ. ಗಾಜಿನ ಬಾಟಲಿಯಲ್ಲಿ ಮೂರರಲ್ಲೊಂದು ಪಾಲು ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಉಪ್ಪು. ಚೆನ್ನಾಗಿ ಅಲ್ಲಾಡಿಸಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ಕೂರುತ್ತದೆ, ನುಣ್ಣನೆ ಧೂಳುಮಣ್ಣು ಕೆಲವು ಗಂಟೆಗಳಲ್ಲಿ, ಜೇಡಿ ಮರುದಿನಕ್ಕೆ. ಜೇಡಿಯ ಪದರ ಒಟ್ಟು ಎತ್ತರದಲ್ಲಿ ಆರರಲ್ಲೊಂದರಿಂದ ನಾಲ್ಕರಲ್ಲೊಂದು ಪಾಲಿದ್ದರೆ ಗೋಡೆಗೆ ಒಳ್ಳೆಯದು. ಹೆಚ್ಚಿದ್ದರೆ ಮರಳೂ ಹುಲ್ಲೂ ಹೆಚ್ಚಿಸಿ.

ಗೋಡೆಗಿಂತ ಮಾಳಿಗೆಯೇ ನಿಜವಾದ ವಿದ್ಯೆ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇವೆ.

ಭಾರ ಹೊರುವುದು ಗೋಡೆಯೊಂದೇ ಅಲ್ಲ, ಕಂಬವೂ ಹೌದು. ಕಂಬದ ಅಡಿಗೆ ಕಲ್ಲು, ತಲೆಗೆ ತೊಲೆ ಹೊರುವ ಅಡ್ಡತುಂಡಾದ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಲಾಗಿ ಒಂದೊಂದು ಅಡಿಗೆ ಜಂತೆ. ನಾಲ್ಕು ಕಂಬದ ನಡುವಿನ ಜಾಗ ಒಂದು ಅಂಕಣ. ಹಿಂದೆ ಮನೆಯ ಅಳತೆ ಹೇಳುತ್ತಿದ್ದುದು ಅಂಕಣದಲ್ಲೇ, ಚದರಡಿಯಲ್ಲಲ್ಲ. ಮರ ಈ ಸೀಮೆಯ ಕುರುಚಲು ಕಾಡಿನದು: ಕಮರ, ದಿಂಡಿಗ, ಬೇವು. ಉಳ್ಳವರು ಹೊನ್ನೆ, ಮತ್ತಿ, ತೇಗವನ್ನು ಮಲೆನಾಡಿನ ಕಡೆಯಿಂದ ತರಿಸುತ್ತಿದ್ದರು. ಇಲ್ಲಿಯ ಮರ ಗಟ್ಟಿ, ಆದರೆ ಉದ್ದ ಕಡಿಮೆ. ಅಂಕಣದ ಅಗಲ ಏಳೆಂಟು ಅಡಿ ದಾಟದಿರುವುದಕ್ಕೆ ಅದೇ ಕಾರಣ. ಅರಮನೆಯಾದರೂ ಈ ಲೆಕ್ಕ ತಪ್ಪುವುದಿಲ್ಲ. ದೊಡ್ಡ ಸಭಾಂಗಣ ಬೇಕೆಂದರೆ ಕಂಬ ಹೆಚ್ಚಬೇಕೇ ಹೊರತು ಕಂಬದ ನಡುವಿನ ದೂರವಲ್ಲ. ಸಿನಿಮಾದವರು ನಾಯಕರ ಅರಮನೆಗೆ ಕಂಬವಿಲ್ಲದ ವಿಶಾಲ ದರ್ಬಾರು ಹಾಕುವಾಗ ಈ ಮಾಳಿಗೆಯ ಮಣ್ಣನ್ನು ಯಾರು ಹೊರುತ್ತಾರೆಂದು ಕೇಳಬೇಕು ಅನಿಸುತ್ತದೆ.

ಜಂತೆಯ ಮೇಲೆ ಸೀಳಿದ ಚಕ್ಕೆ, ಅದರ ಮೇಲೆ ಬಂದರಿಕೆ ಸೊಪ್ಪು. ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಗುಡ್ಡದ ಬದಿಯಲ್ಲಿ ಈಗಲೂ ಬೇಕಾದಷ್ಟು ಬೆಳೆಯುವ, ಎಲೆ ಅಂಟಂಟಾಗಿರುವ ಗಿಡ. ಆ ಅಂಟಿನಿಂದ ಹುಳ ಸುಲಭವಾಗಿ ಹತ್ತುವುದಿಲ್ಲ. ಮೂರು ನಾಲ್ಕು ಅಂಗುಲ ಹರಡಿ ತುಳಿದರೆ ಒಂದು ಅಂಗುಲಕ್ಕೆ ಕೂರುತ್ತದೆ, ಮೇಲಿನ ಮಣ್ಣು ಚಕ್ಕೆಯ ಸಂದಿಯಲ್ಲಿ ಉದುರದಂತೆ ತಡೆಯುತ್ತದೆ. ಸೊಪ್ಪಿನ ಮೇಲೆ ಹುಲ್ಲು ಬೆರೆಸಿ ಕಲಸಿದ ಕೆಮ್ಮಣ್ಣು ಮೂರು ಅಂಗುಲ. ಅದು ಒಣಗಿ ಬಿರಿದ ಮೇಲೆ ಬಿರುಕಿಗೆ ಮತ್ತೆ ನೀರುಮಣ್ಣು. ಅದರ ಮೇಲೆ ಒಣಮಣ್ಣು ನಾಲ್ಕು ಅಂಗುಲ, ದಮ್ಮಸಿನಿಂದ ಬಡಿದದ್ದು. ಎಲ್ಲಕ್ಕೂ ಮೇಲೆ ಎರಡು ಅಂಗುಲ ಕರಲು ಮಣ್ಣು.

ಕರಲು ಮಣ್ಣೇ ಈ ಮನೆಯ ಜೀವಾಳ. ಚೌಳು ಮಣ್ಣು ಅಂತಲೂ ಕರೆಯುತ್ತಾರೆ. ಬೆಳೆ ಬಾರದ, ಬೇಸಿಗೆಯಲ್ಲಿ ಬೆಳ್ಳಗೆ ಉಪ್ಪು ಒಡೆಯುವ ತಗ್ಗಿನ ನೆಲದ ಮಣ್ಣು. ಸಾಬೂನು ಬರುವ ಮುಂಚೆ ಬಟ್ಟೆ ಒಗೆಯಲು ಬಳಸುತ್ತಿದ್ದುದೂ ಇದನ್ನೇ. ಇದರಲ್ಲಿ ಸೋಡಿಯಂ ಹೆಚ್ಚು. ಸಾಮಾನ್ಯ ಮಣ್ಣಿನಲ್ಲಿ ಜೇಡಿಯ ಕಣಗಳು ಗುಂಪುಗುಂಪಾಗಿ ಅಂಟಿಕೊಂಡು ನಡುವೆ ರಂಧ್ರ ಬಿಡುತ್ತವೆ, ನೀರು ಆ ರಂಧ್ರದಲ್ಲಿ ಇಳಿಯುತ್ತದೆ. ಸೋಡಿಯಂ ಇದ್ದಲ್ಲಿ ಕಣಗಳು ಬಿಡಿಬಿಡಿಯಾಗಿ ಚೆದುರಿ, ಉಬ್ಬಿ, ರಂಧ್ರಗಳನ್ನೆಲ್ಲ ತುಂಬಿಬಿಡುತ್ತವೆ. ಮೊದಲ ಮಳೆಗೆ ಮೇಲಿನ ಅರ್ಧ ಅಂಗುಲ ನೆನೆದು ಮುಚ್ಚಿಕೊಂಡರೆ, ಮಿಕ್ಕ ನೀರು ಕೆಳಗಿಳಿಯದೆ ಹರಿದು ಹೋಗುತ್ತದೆ. ಹುಲ್ಲು ಹುಟ್ಟುವುದೂ ಕಡಿಮೆ, ಹಾಗಾಗಿ ಬೇರು ತೂತು ಮಾಡುವುದಿಲ್ಲ. ಪರೀಕ್ಷೆಗೆ ಒಂದು ಹೆಂಟೆಯನ್ನು ಲೋಟದ ನೀರಿಗೆ ಹಾಕಿ. ಗಂಟೆಗಟ್ಟಲೆ ಬಿಟ್ಟರೂ ನೀರು ತಿಳಿಯಾಗದೆ ಹಾಲಿನಂತೆ ಬಗ್ಗಡವಾಗಿಯೇ ಉಳಿದರೆ ಅದು ಒಳ್ಳೆಯ ಕರಲು.

ಇಲ್ಲೇ ಈಗಿನ ದೊಡ್ಡ ತಪ್ಪು ನಡೆಯುವುದು. ಮಾಳಿಗೆ ಸೋರಿತೆಂದು ಮೇಲೆ ಸಿಮೆಂಟಿನ ಹಾಲು ಹೊಯ್ಯುತ್ತಾರೆ, ಇಲ್ಲವೇ ಸುಣ್ಣ ಬೆರೆಸುತ್ತಾರೆ. ಚೌಳು ಜಮೀನು ಸರಿಮಾಡಲು ರೈತರು ಜಿಪ್ಸಂ ಹಾಕುತ್ತಾರಲ್ಲ, ಅದು ಯಾಕೆ? ಅದರ ಕ್ಯಾಲ್ಸಿಯಂ ಸೋಡಿಯಮನ್ನು ಹೊರದೂಡಿ, ಕಣಗಳು ಮತ್ತೆ ಗುಂಪುಗೂಡಿ, ನೀರು ಇಂಗಲಿ ಎಂದು. ಸಿಮೆಂಟಿನಲ್ಲೂ ಸುಣ್ಣದಲ್ಲೂ ಇರುವುದು ಅದೇ ಕ್ಯಾಲ್ಸಿಯಂ. ನೀರು ಇಂಗಬಾರದೆಂದು ಹಾಕಿದ್ದು ಇಂಗುವಂತೆ ಮಾಡುತ್ತದೆ. ಜೊತೆಗೆ ಸಿಮೆಂಟಿನ ಪದರ ಬಿಸಿಲಿಗೆ ಬಿರಿಯುತ್ತದೆ, ಅಡಿಯ ಮಣ್ಣಿನೊಂದಿಗೆ ಬಾಗುವುದಿಲ್ಲ. ಬಿರುಕಿನಲ್ಲಿ ಇಳಿದ ನೀರು ಆವಿಯಾಗಿ ಹೊರಬರಲಾರದೆ ಜಂತೆಯ ಮೇಲೆ ಕೂರುತ್ತದೆ. ನಾಲ್ಕೈದು ಮಳೆಗಾಲಕ್ಕೆ ಜಂತೆ ಕೊಳೆಯುತ್ತದೆ, ಕೆಳಗಿನಿಂದ ನೋಡುವವರಿಗೆ ಅದು ಮುರಿಯುವವರೆಗೂ ಗೊತ್ತಾಗುವುದಿಲ್ಲ.

ಎರಡನೆಯ ತಪ್ಪು ಹಳೆಯವರದೇ. ವರ್ಷವರ್ಷ ಭರಣಿ, ಕೃತ್ತಿಕೆಯ ಹೊತ್ತಿಗೆ ಮಾಳಿಗೆಗೆ ಹೊಸ ಕರಲು ಹಾಕುತ್ತಾರೆ. ಹಳೆಯದನ್ನು ಕೆರೆದು ತೆಗೆಯುವವರು ಕಡಿಮೆ. ವರ್ಷಕ್ಕೆ ಅರ್ಧ ಅಂಗುಲ ಉಳಿದರೂ ಇಪ್ಪತ್ತು ವರ್ಷಕ್ಕೆ ಹತ್ತು ಅಂಗುಲ. ಬಡಿದ ಮಣ್ಣು ಒಂದು ಘನ ಅಡಿಗೆ 45ರಿಂದ 50 ಕಿಲೋ ತೂಗುತ್ತದೆ. ಎಂಟಡಿ ಚೌಕದ ಅಂಕಣದ ಮೇಲೆ ಒಂಬತ್ತು ಅಂಗುಲ ಮಣ್ಣಿದ್ದರೆ ಭಾರ ಸುಮಾರು 2.3 ಟನ್. ಅದೇ ಹದಿನೆಂಟು ಅಂಗುಲವಾದರೆ 4.6 ಟನ್, ನೆನೆದಾಗ ಇನ್ನೂ ಹೆಚ್ಚು. ತೊಲೆ ಅಷ್ಟೇ, ಅಜ್ಜನ ಕಾಲದ್ದೇ. ಚಿತ್ತೆ, ಸ್ವಾತಿ ಮಳೆಯಲ್ಲಿ ಮೂರು ದಿನ ಬಿಡದೆ ಹಿಡಿದಾಗ ಮನೆ ಬೀಳುವುದು ಇದರಿಂದಲೇ. ಹತ್ತು ವರ್ಷಕ್ಕೊಮ್ಮೆಯಾದರೂ ಮೇಲಿನ ಮಣ್ಣನ್ನು ಮೂರು ನಾಲ್ಕು ಅಂಗುಲ ಕೆರೆದಿಳಿಸಿ ಆಮೇಲೆ ಹೊಸದು ಹಾಕಬೇಕು. ಇಳಿಸುವಾಗ ಒಂದೇ ಕಡೆ ರಾಶಿ ಮಾಡಬಾರದು, ತೊಲೆ ಅಲ್ಲೇ ಕೂರುತ್ತದೆ.

ನೀರು ಹೋಗಲು ಮಾಳಿಗೆಗೆ ಓಟ, ಅಂದರೆ ಇಳಿಜಾರು ಬೇಕು, ನಾಲ್ಕೈದು ಅಡಿಗೆ ಒಂದು ಅಂಗುಲದಷ್ಟು. ಹೆಚ್ಚಾದರೆ ಕರಲೇ ಕೊಚ್ಚಿಹೋಗುತ್ತದೆ. ಸುತ್ತ ಗಿಡ್ಡ ಗೋಡೆಯ ಕುಂಬಿ, ಕುಂಬಿಯಲ್ಲಿ ನೀರು ಹೊರಬೀಳಲು ಕಲ್ಲಿನದೋ ಮರದ್ದೋ ತಗಡಿನದೋ ದೋಣಿ. ದೋಣಿ ಗೋಡೆಯಿಂದ ಎರಡಡಿಯಾದರೂ ಹೊರಚಾಚಬೇಕು. ಮನೆ ಬಿದ್ದ ಜಾಗ ನೋಡಲು ಹೋದರೆ ಮೊದಲು ದೋಣಿಯ ಕೆಳಗಿನ ಗೋಡೆ ನೋಡಿ. ಎಷ್ಟೋ ಸಲ ಅಲ್ಲಿ ಮೇಲಿಂದ ಕೆಳಗೆ ಕೊರೆದ ಗುರುತು ಸಿಗುತ್ತದೆ. ಮಾಳಿಗೆಯ ನಡುವೆ ಬೆಳಕಿಂಡಿ: ಬುಡ ಒಡೆದ ಗಡಿಗೆಯ ಕಂಠವನ್ನೋ ಕಲ್ಲಿನ ಚೌಕಟ್ಟನ್ನೋ ಹೂತು, ಸುತ್ತ ಮಣ್ಣಿನ ದಿಂಡು ಕಟ್ಟಿ, ಮಳೆಗೆ ಚಪ್ಪಡಿ ಮುಚ್ಚುವುದು. ಕಿಟಕಿ ಕಡಿಮೆಯಿರುವ ಈ ಮನೆಗಳಿಗೆ ಬೆಳಕು ಬರುವುದೂ ಒಲೆಯ ಹೊಗೆ ಹೋಗುವುದೂ ಇಲ್ಲಿಂದಲೇ. ಆ ಹೊಗೆ ಜಂತೆಗೆ ಕಪ್ಪು ಲೇಪ ಕೊಟ್ಟು ಹುಳದಿಂದ ಕಾಯುತ್ತಿತ್ತು. ಗ್ಯಾಸ್ ಒಲೆ ಬಂದ ಮೇಲೆ ಹಳೆಯ ಜಂತೆಗಳಿಗೆ ಹುಳ ಬೇಗ ಹತ್ತುತ್ತಿದೆ ಎನ್ನುವವರ ಮಾತಿನಲ್ಲಿ ಹುರುಳಿದೆ. ಹಾಗೆಂದು ಯಾರೂ ಹೊಗೆ ಒಲೆಗೆ ಮರಳಬೇಕಿಲ್ಲ, ಬೇವಿನೆಣ್ಣೆ ಹಚ್ಚಿದರೂ ನಡೆಯುತ್ತದೆ.

ಕರಲು ಮಾಳಿಗೆಗೆ ಎಷ್ಟು ಹಿತವೋ ಗೋಡೆಯ ಬುಡಕ್ಕೆ ಅಷ್ಟೇ ಅಹಿತ. ದೋಣಿಯಿಂದ ಇಳಿದ ಉಪ್ಪುನೀರು ಬುಡದಲ್ಲಿ ನಿಂತರೆ ಗೋಡೆ ಅದನ್ನು ಮೇಲಕ್ಕೆ ಹೀರುತ್ತದೆ. ನೀರು ಆರಿ ಉಪ್ಪು ಹರಳುಗಟ್ಟಿ ಮಣ್ಣನ್ನು ಪುಡಿಪುಡಿಯಾಗಿ ಉದುರಿಸುತ್ತದೆ. ಆಗ ಬುಡಕ್ಕೆ ಮೂರಡಿ ಸಿಮೆಂಟ್ ಗಿಲಾವು ಮಾಡಿಸುವುದು ಎಲ್ಲ ಊರಲ್ಲೂ ಕಾಣುವ ರೂಢಿ. ಪಸೆ ಹೊರಗೆ ಬರಲಾಗದೆ ಸಿಮೆಂಟಿನ ಹಿಂದೆ ಮೂರಡಿಯಿಂದ ಐದಡಿಗೆ ಏರುತ್ತದೆ. ಸರಿಯಾದ ಕ್ರಮ ಅಗ್ಗದ್ದು: ಬುಡದಿಂದ ನೀರು ಆಚೆ ಹರಿಯುವಂತೆ ನೆಲ ಇಳಿಜಾರು ಮಾಡಿ, ಪುಡಿಯಾದ ಮಣ್ಣನ್ನು ಗಟ್ಟಿ ಸಿಗುವವರೆಗೆ ಕೆರೆದು, ನೀರು ಚಿಮುಕಿಸಿ, ಅದೇ ಜಾತಿಯ ಮಣ್ಣು ಹುಲ್ಲು ಬೆರೆಸಿ ತುಂಬಿ, ಮೇಲೆ ಸಗಣಿ ಬೆರೆಸಿದ ಮಣ್ಣಿನ ತೆಳು ಗಿಲಾವು. ಆರಿದ ಮೇಲೆ ಸುಣ್ಣ. ಗೋಡೆಗೆ ಸುಣ್ಣ ಆಗುತ್ತದೆ, ಮಾಳಿಗೆಗೆ ಆಗುವುದಿಲ್ಲ. ಈ ಒಂದು ವ್ಯತ್ಯಾಸ ಮೇಸ್ತ್ರಿಗೆ ಬಿಡಿಸಿ ಹೇಳಿ.

ಇನ್ನು ಇದ್ದವರ ಮಾತು. ಮನೆ ಯಾರದಾಗಿತ್ತು ಎಂಬುದನ್ನು ಕಾಗದಕ್ಕಿಂತ ಮೊದಲು ಮನೆಯೇ ಹೇಳುತ್ತದೆ. ತಲೆಬಾಗಿಲು ದಾಟಿದೊಡನೆ ಎರಡು ಅಂಕಣ ತಗ್ಗಿನಲ್ಲಿದ್ದು, ಅಲ್ಲಿಂದ ಒಂದು ಮೆಟ್ಟಿಲು ಹತ್ತಿದರೆ ಪಡಸಾಲೆ. ತಗ್ಗು ದನಕ್ಕೆ. ಗೋದಲಿಯಲ್ಲಿ ಎಷ್ಟು ಎತ್ತಿಗೆ ಜಾಗವಿದೆ ಎಣಿಸಿ. ಜೋಡಿಗೊಂದು ನೇಗಿಲು, ಅದರಿಂದ ಬೇಸಾಯದ ಅಳತೆ ತಿಳಿಯುತ್ತದೆ. ಗೋದಲಿಯೇ ಇಲ್ಲದೆ ಪಡಸಾಲೆಯ ಗೋಡೆಯಲ್ಲಿ ಅಗಲವಾದ ಗೂಡು, ಎದುರಿಗೆ ಬೆಳಕಿಂಡಿ ಇದ್ದರೆ ಅದು ಲೆಕ್ಕದವರ ಮನೆಯೋ ವ್ಯಾಪಾರದ ಮನೆಯೋ ಆಗಿರಬಹುದು. ನಡುಮನೆಯಲ್ಲಿ ನೆಲಕ್ಕೆ ಹೂತ ಒರಳು, ಬೀಸುಕಲ್ಲು, ಮೇಲೆ ಸಾಮಾನಿಡುವ ನಾಗಂದಿಗೆ. ಅದರಾಚೆ ದೇವರ ಕೋಣೆ, ಅಡಿಗೆ ಕೋಣೆ, ಬಚ್ಚಲು. ಒರಳು ಎರಡಿದ್ದು ಒಲೆಯ ಗುರುತು ಎರಡು ಕಡೆ ಇದ್ದರೆ, ಆ ಮನೆ ಎಂದೋ ಪಾಲಾಗಿದೆ.

ಪಾಲು ಬಂದದ್ದರಿಂದ ಮಾತು ಅಲ್ಲಿಗೇ ಹೋಗಲಿ. ಹಳೆಯ ಪಾಲುಪಟ್ಟಿಗಳಲ್ಲಿ 'ಮೂಡಗಡೆ ಮೂರು ಅಂಕಣ, ತಲೆಬಾಗಿಲ ಹಕ್ಕು ಇಬ್ಬರಿಗೂ' ಎಂಬ ಬಗೆಯ ಮಾತುಗಳೊಂದಿಗೆ ಚಕ್ಕುಬಂದಿ ಇರುತ್ತದೆ. ಮನೆಯ ಚರಿತ್ರೆ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಕಾಗದವಿಲ್ಲ. ಆದರೆ ಪಟ್ಟಿಯಲ್ಲಿ ಅಂಕಣ ಹಂಚುತ್ತಾರೆ, ಮಾಳಿಗೆಯ ಓಟ ಹಂಚುವುದಿಲ್ಲ. ಅಣ್ಣ ತನ್ನ ಪಾಲಿಗೆ ಮಣ್ಣು ಹಾಕಿ ಎತ್ತರಿಸುತ್ತಾನೆ, ಬೆಂಗಳೂರು ಸೇರಿದ ತಮ್ಮ ಹಾಕಿಸುವುದಿಲ್ಲ. ಅಣ್ಣನ ಮಾಳಿಗೆಯ ನೀರೆಲ್ಲ ತಮ್ಮನ ಕಡೆ ಹರಿದು ನಿಲ್ಲುತ್ತದೆ, ತಮ್ಮನ ಜಂತೆ ಮುರಿಯುತ್ತದೆ. ಇಬ್ಬರಿಗೂ ಸೇರಿದ ತೊಲೆ ಒಂದೇ ಆದ್ದರಿಂದ ಎರಡು ವರ್ಷಕ್ಕೆ ಅಣ್ಣನದೂ ಬಾಗುತ್ತದೆ. ತಮ್ಮ ತನ್ನ ಭಾಗ ಕೆಡವಿ ಆರ್‌ಸಿಸಿ ಕಟ್ಟಿಸಲು ಹೊರಟರೂ ಗತಿ ಅದೇ. ತೊಲೆಯ ಆ ತುದಿ ಕತ್ತರಿಸುವ ಮೊದಲು ಈ ಕಡೆ ಹೊಸ ಕಂಬ, ಬೋದಿಗೆ ಕೊಟ್ಟಿರಲೇಬೇಕು.

ಹಗೇವಿನ, ಅಂದರೆ ನೆಲದೊಳಗಿನ ಧಾನ್ಯದ ಗುಂಡಿಯ ಬಗ್ಗೆ ಒಂದು ಎಚ್ಚರಿಕೆ. ಹಳೆಯ ಮನೆಯ ನೆಲದಲ್ಲೋ ಮುಂದಿನ ಬೀದಿಯಲ್ಲೋ ಕಲ್ಲು ಮುಚ್ಚಿದ ಬಾಯಿ ಸಿಕ್ಕರೆ ಅದು ರಾಗಿ ಹಗೇವು ಆಗಿರುವ ಸಂಭವ ಹೆಚ್ಚು. ಬಾಯಿ ಒಬ್ಬ ಇಳಿಯುವಷ್ಟು, ಒಳಗೆ ಗುಡಾಣದಂತೆ ಅಗಲ, ಆಳ ಹತ್ತು ಹನ್ನೆರಡು ಅಡಿ. ಗಾಳಿಯಾಡದೆ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿದ್ದುದಕ್ಕೂ ಒಳಗಿಳಿದವರ ಉಸಿರು ಕಟ್ಟುವುದಕ್ಕೂ ಕಾರಣ ಒಂದೇ. ಬಾಯಿ ತೆರೆದು ಒಂದು ದಿನ ಬಿಡಿ, ಹಗ್ಗದಲ್ಲಿ ದೀಪ ಇಳಿಸಿ. ದೀಪ ಆರಿದರೆ ಯಾರೂ ಇಳಿಯಬಾರದು. ದೀಪ ಉರಿದರೂ ಸೊಂಟಕ್ಕೆ ಹಗ್ಗ, ಮೇಲೆ ಇಬ್ಬರು ಇಲ್ಲದೆ ಇಳಿಯುವುದು ಬೇಡ.

ಕೊನೆಯದಾಗಿ, ಕೋಟೆಯ ಸುತ್ತಿನ ಹಳೆಯ ಕೇರಿಗಳಲ್ಲಿ ಮನೆ ಇರುವವರಿಗೆ. ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿದೆ. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯಂತೆ ಸಂರಕ್ಷಿತ ಎಲ್ಲೆಯಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ; ಇರುವ ಮನೆಯ ದುರಸ್ತಿಗೆ ಅನುಮತಿ ಪಡೆದು ಮಾಡಬಹುದು. ಅದರಾಚೆ ಇನ್ನೂ 200 ಮೀಟರ್‌ವರೆಗೂ ಅನುಮತಿ ಬೇಕು. ಅರ್ಜಿಯ ಜೊತೆ ಅಂಕಣ ಎಣಿಸಿ ಬರೆದ ನಕ್ಷೆ, ಪ್ರತಿ ತೊಲೆಯ ಎರಡೂ ತುದಿಯ ಫೋಟೊ, ಮಾಳಿಗೆಯ ಮಣ್ಣಿನ ದಪ್ಪ ಎಷ್ಟೆಂದು ಎರಡು ಮೂರು ಕಡೆ ಅಗೆದು ನೋಡಿದ ಅಳತೆ ಇಟ್ಟರೆ, ನೀವು ಕೇಳುತ್ತಿರುವುದು ದುರಸ್ತಿಯೇ ಹೊರತು ಹೊಸ ಕಟ್ಟಡವಲ್ಲ ಎಂಬುದು ನೋಡುವವರಿಗೆ ಸ್ಪಷ್ಟವಾಗುತ್ತದೆ. ಅನುಮತಿ ಬರುವುದರೊಳಗೆ ಮಳೆ ಹಿಡಿದರೆ ಟಾರ್ಪಾಲು ಹೊದಿಸಿ. ಆದರೆ ಮಾಳಿಗೆಗೆ ಅಂಟಿಸಿದಂತೆ ಹಾಸಬೇಡಿ. ಬಿದಿರಿನ ಗಳು ಕಟ್ಟಿ ಒಂದಡಿ ಮೇಲೆತ್ತಿ, ಎರಡು ಕಡೆ ಗಾಳಿಯಾಡಲು ಬಿಡಿ, ಬಿಸಿಲು ಬಿದ್ದ ದಿನ ಪೂರ್ತಿ ಸರಿಸಿ ಮಣ್ಣು ಒಣಗಲು ಬಿಡಿ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು.